ತೈಲ ಕಡಿಮೆಯಾಗುವ ಮುನ್ನ: ಕಾಸರಗೋಡಿನ ಕೃಷಿಕರ ಸಿದ್ಧತೆ ಹೇಗಿರಬೇಕು?

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಅಮೆರಿಕದ ಇಂಧನ ಇಲಾಖೆಗಾಗಿ 2005ರಲ್ಲಿ ಸಿದ್ಧವಾದ ಹರ್ಶ್ ವರದಿಯು, ಜಗತ್ತಿನ ತೈಲ ಉತ್ಪಾದನೆ ಶಿಖರ ಮುಟ್ಟಿ ಇಳಿಯತೊಡಗುವ 20 ವರ್ಷ ಮೊದಲೇ ತಯಾರಿ ಆರಂಭವಾದರೆ ಕೊರತೆಯನ್ನು ತಪ್ಪಿಸಬಹುದೆಂದು ಹೇಳಿತು. ಸುಗಮ ಹೊಂದಾಣಿಕೆ ಸಾಧ್ಯವೆಂದೇ ನನ್ನ ನಂಬಿಕೆ, ಆದರೆ ಅದು ತಾನಾಗಿ ಆಗುವಂಥದ್ದಲ್ಲ.

ಮೊದಲು ಒಂದು ವರ್ಷ ಮನೆಯ ಡೀಸೆಲ್, ಪೆಟ್ರೋಲ್ ಮತ್ತು ಅಡುಗೆ ಅನಿಲದ ಲೆಕ್ಕವನ್ನು ತಿಂಗಳುವಾರು ಬರೆದಿಡಿ.

ಅಡಿಕೆ ತೋಟಕ್ಕೆ ನೀರೇ ಮುಖ್ಯ ಖರ್ಚಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಸೂಕ್ತ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡದಲ್ಲಿ ನೀರಿಗಾಗಿ ಅಡ್ಡವಾಗಿ ಕೊರೆದ ಹಳೆಯ ಸುರಂಗವಿದ್ದರೆ ಅನುಭವಿ ಕೆಲಸಗಾರರಿಂದ ಹೂಳು ತೆಗೆಸಿ, ನೀರನ್ನು ಎತ್ತರದ ಮದಕಕ್ಕೆ (ನೀರು ನಿಲ್ಲಿಸುವ ಕೆರೆಗೆ) ಹರಿಸಿ, ಅಲ್ಲಿಂದ ಪೈಪಿನಲ್ಲಿ ಇಳಿಸಿದರೆ ಪಂಪಿನ ಅಗತ್ಯವೇ ಬಹಳಷ್ಟು ತಪ್ಪುತ್ತದೆ. ಯಾವ ಇಂಧನವನ್ನೂ ಬೇಡದ ಈ ವ್ಯವಸ್ಥೆಯನ್ನು ಪಾಳುಬಿಡುತ್ತಿರುವುದು ನಿಜಕ್ಕೂ ದುಃಖದ ಸಂಗತಿ. ಮಳೆಗಾಲ ಮುಗಿದ ಮೇಲೆ ನೆರೆಹೊರೆಯವರು ಕೂಡಿ ತೋಡಿಗೆ (ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟಿದರೆ ಬಾವಿಗಳ ನೀರಿನ ಮಟ್ಟವೂ ಉಳಿಯುತ್ತದೆ. ಉಳಿದ ಕೊರತೆಗೆ ಮಾತ್ರ ಸೌರ ಪಂಪು ಹಾಕಿಸಿಕೊಳ್ಳಿ.

ಎರಡು ಘನ ಮೀಟರಿನ ಗೋಬರ್ ಅನಿಲ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಗಿಡ್ಡ ತಳಿಯ ಹಸುಗಳ ಸಗಣಿ ಕಡಿಮೆಯಾದ್ದರಿಂದ ಎರಡು ಮನೆಗಳವರು ಸೇರಿ ಒಂದನ್ನು ನಡೆಸುವುದು ಒಳ್ಳೆಯದು. ಯೂರಿಯಾ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕಾಗುವುದರಿಂದ ಅದರ ಬದಲು ಘಟಕದಿಂದ ಹೊರಬರುವ ಬಗ್ಗಡವನ್ನೇ ತೋಟಕ್ಕೆ ಗೊಬ್ಬರವಾಗಿ ಬಳಸಿ.

ಬದಿಯಡ್ಕ, ಪೆರ್ಲದ ಕಡೆಯವರು ಅಡಿಕೆಯನ್ನು ಒಂದೇ ವಾಹನದಲ್ಲಿ ಒಟ್ಟಾಗಿ ಸಾಗಿಸಬಹುದು. ಮಂಗಳೂರಿಗೆ ನಿತ್ಯ ಹೋಗುವವರು ಕುಂಬಳೆ ಅಥವಾ ಮಂಜೇಶ್ವರದಲ್ಲಿ ರೈಲು ಹತ್ತಲಿ. ಆ ಮಾರ್ಗ ಈಗಾಗಲೇ ವಿದ್ಯುದೀಕರಣಗೊಂಡಿದೆ.