ಪದವಿಗೆ ಸಹಿ ಯಾರದು, ದುಡ್ಡು ಯಾರ ಖಾತೆಗೆ?

ತೋರಣಗಲ್ಲಿನ ಪಾಳಿ ಕೆಲಸ ಬಿಡದೆ ಎಂಬಿಎ ಮಾಡಬೇಕೆನ್ನುವವರು, ಸಿಂಧನೂರಿನ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಎಂಸಿಎ ಓದಬೇಕೆನ್ನುವವರು ಮೊಬೈಲ್ ಮುಂದೆ ಹಿಡಿದು ಕೇಳುವುದು ಒಂದೇ ಮಾತು: ‘ಸರ್, ಈ ಯೂನಿವರ್ಸಿಟಿ ಚಲೋ ಐತೇನ್ರಿ?’ ನಾನು ಆ ಪ್ರಶ್ನೆಯನ್ನು ಎರಡಾಗಿ ಒಡೆಯುತ್ತೇನೆ. ಪದವಿ ಪತ್ರಕ್ಕೆ ಸಹಿ ಹಾಕುವವರು ಯಾರು? ದುಡ್ಡು ಸೇರುವುದು ಯಾರ ಖಾತೆಗೆ?

ನಮ್ಮಲ್ಲಿ ಕಾಗದದ ಮೇಲೆ ಲಾಭಕ್ಕಾಗಿ ವಿಶ್ವವಿದ್ಯಾಲಯ ನಡೆಸುವಂತಿಲ್ಲ. ಖಾಸಗಿಯದಾದರೂ ಅದರ ಹಿಂದೆ ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತ ಕಂಪನಿ ಇರಬೇಕು. ಲಾಭದ ವ್ಯಾಪಾರ ಹೆಚ್ಚಾಗಿ ನಡೆಯುವುದು ಅದಕ್ಕೆ ವಿದ್ಯಾರ್ಥಿಗಳನ್ನು ತಂದುಕೊಡುವ ಕಂಪನಿಯಲ್ಲಿ. ದಿನಕ್ಕೆ ನಾಲ್ಕು ಸಲ ಫೋನ್ ಮಾಡುವ ‘ಕೌನ್ಸೆಲರ್’ ಸಾಮಾನ್ಯವಾಗಿ ಅಲ್ಲಿನ ಮಾರಾಟದ ಆಳು. ಅವನ ಮಾತನ್ನು ನಾನು ಜಾಹೀರಾತಿನ ಲೆಕ್ಕಕ್ಕೆ ಹಾಕುತ್ತೇನೆ, ಅಷ್ಟೇ.

ಮೊದಲು ತೆರೆಯುವುದು ವಿಶ್ವವಿದ್ಯಾಲಯಗಳ ಮೇಲುಸ್ತುವಾರಿಯ ಕೇಂದ್ರ ಆಯೋಗವಾದ ಯುಜಿಸಿಯ ದೂರ ಶಿಕ್ಷಣ ಬ್ಯೂರೋ, ಅಂದರೆ ಡಿಇಬಿಯ ಜಾಲತಾಣ. ಅಲ್ಲಿನ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಕಂಡರೆ ಸಾಲದು. ಕೋರ್ಸಿನ ಪೂರ್ತಿ ಹೆಸರು, ಆನ್‌ಲೈನೋ ದೂರ ಶಿಕ್ಷಣವೋ ಎಂಬುದು, ನೀವು ಸೇರುವ ಸೆಷನ್ ಈ ಮೂರೂ ತಾಳೆಯಾಗಬೇಕು. ಬಿಬಿಎಗೆ ಅನುಮತಿ ಇದ್ದು ಎಂಸಿಎಗೆ ಇಲ್ಲದಿರಬಹುದು. ಮಾನ್ಯತೆ ವರ್ಷದ ಲೆಕ್ಕದ್ದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ: ನಮ್ಮದೇ ಸರ್ಕಾರಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಯುಜಿಸಿ ಮಾನ್ಯತೆ ಇರಲಿಲ್ಲ, ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿದವರ ಪಾಡು ನಮ್ಮ ಭಾಗದವರಿಗೆ ಹೇಳಿಕೊಡಬೇಕಾದ್ದಲ್ಲ.

2024ರಿಂದ ಪ್ರವೇಶಕ್ಕೆ ಮುನ್ನ ಡಿಇಬಿ ಐಡಿ ಕಡ್ಡಾಯ. ಅದಕ್ಕೆ ಎಬಿಸಿ ಐಡಿ, ಅಂದರೆ ನಿಮ್ಮ ಓದಿನ ಕ್ರೆಡಿಟ್ ಜಮೆಯಾಗುವ ಸರ್ಕಾರಿ ಖಾತೆಯ ಸಂಖ್ಯೆ ಬೇಕು. ಎರಡನ್ನೂ ಸ್ವಂತ ಮೊಬೈಲ್ ನಂಬರಿನಿಂದ ನೀವೇ ಮಾಡಿಕೊಳ್ಳಿ, ಏಜೆಂಟನಿಗೆ ಓಟಿಪಿ ಹೇಳಬೇಡಿ. ‘ಐಡಿ ಆಮೇಲೆ ನೋಡೋಣ, ಸೀಟ್ ಬ್ಲಾಕ್ ಮಾಡಿ’ ಎಂದರೆ ನನ್ನ ಪರಿಶೀಲನೆ ಅಲ್ಲಿಗೇ ಮುಗಿಯಿತು. ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಫಾರ್ಮಸಿ ಪದವಿಗಳು ಆನ್‌ಲೈನ್‌ನಲ್ಲಿ ಇಲ್ಲವೇ ಇಲ್ಲ. ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2022ರಲ್ಲೇ ಒಟ್ಟಾಗಿ ಎಚ್ಚರಿಸಿವೆ. ವಿದೇಶಿ ಪದವಿ ಕೊಡಿಸುತ್ತೇವೆ ಎನ್ನುವ ಎಡ್‌ಟೆಕ್ (ಆನ್‌ಲೈನ್ ಶಿಕ್ಷಣ) ಕಂಪನಿಗಳ ಬಗ್ಗೆ 2023ರ ಡಿಸೆಂಬರಿನಲ್ಲಿ ಮತ್ತೊಂದು ಎಚ್ಚರಿಕೆ ಬಂತು. ಅಮೆರಿಕದ್ದೆಂದರೆ ಕಣ್ಣು ಮುಚ್ಚಿ ನಂಬಬೇಡಿ. ಅಲ್ಲಿ ಲಾಭಕ್ಕಾಗಿಯೇ ನಡೆಯುತ್ತಿದ್ದ ಐಟಿಟಿ ಟೆಕ್ ಎಂಬ ಕಾಲೇಜು ಸರಪಳಿ 2016ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಮಾನ್ಯತೆ ಕೊಟ್ಟಿದ್ದ ಎಸಿಐಸಿಎಸ್ ಎಂಬ ಸಂಸ್ಥೆ 2022ರಲ್ಲಿ ತಾನೇ ಸರ್ಕಾರದ ಮನ್ನಣೆ ಕಳೆದುಕೊಂಡಿತು. ಮಾನ್ಯತೆ ಕೊಟ್ಟವರಿಗೆ ಮಾನ್ಯತೆ ಇದೆಯೇ ಎಂದೂ ನೋಡಬೇಕು.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಶ್ರೇಣಿಯಲ್ಲಿ ಅಕ್ಷರಕ್ಕಿಂತ ಅಂಕ, ಅಂಕಕ್ಕಿಂತ ತಾರೀಖು ಮುಖ್ಯ. ಎ ಪ್ಲಸ್ ಶುರುವಾಗುವುದು 4ಕ್ಕೆ 3.26 ಅಂಕದಿಂದ. ಜಾಹೀರಾತಿನ ಶ್ರೇಣಿಯ ಅವಧಿ ಮುಗಿದಿದ್ದರೆ ಅದು ಹಳೇ ಕ್ಯಾಲೆಂಡರ್. ಅವಧಿ ಇದ್ದರೂ ಅದು ಬಹುಪಾಲು ಕ್ಯಾಂಪಸ್ಸಿನ ಮಾರ್ಕು, ನಿಮ್ಮ ಆನ್‌ಲೈನ್ ಪಾಠದ್ದಲ್ಲ.

ಪಾಠದ ಗುಣ ಅಳೆಯಲು ಲೆಕ್ಕ ಹಾಕಬೇಕು. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 80 ಕ್ರೆಡಿಟ್‌ನ ಎಂಬಿಎಗೆ 2,400 ಗಂಟೆ, ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ. ‘ಭಾನುವಾರ ಎರಡು ತಾಸು ಸಾಕು’ ಎಂದವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಅಲ್ಲಿ ಓದು ನಡೆಯುತ್ತಿಲ್ಲ. ನಾನು ಕೇಳಿ ತರಿಸಿಕೊಳ್ಳುವುದು: ಹೋದ ಸೆಮಿಸ್ಟರಿನ ಪ್ರಶ್ನೆಪತ್ರಿಕೆ, ನೇರ ತರಗತಿಯೊಂದರ ಪೂರ್ತಿ ರೆಕಾರ್ಡಿಂಗ್, ಆ ವಿಷಯ ಕಲಿಸುವವರ ಹೆಸರುಗಳು. ಆ ಹೆಸರುಗಳು ವಿಶ್ವವಿದ್ಯಾಲಯದ ಸ್ವಂತ ಜಾಲತಾಣದ ಅಧ್ಯಾಪಕರ ಪುಟದಲ್ಲೂ ಇರಬೇಕು. ಐದು ನಿಮಿಷದ ಮಿರಮಿರ ವಿಡಿಯೊ ಮಾತ್ರ ಕಳಿಸಿದರೆ ಮುಂದಿನದನ್ನು ಊಹಿಸಿಕೊಳ್ಳಿ.

ಪರೀಕ್ಷೆಯ ವಿಚಾರವನ್ನು ಯಾರೂ ಕೇಳುವುದಿಲ್ಲ, ನಮ್ಮ ಕಡೆ ಕೆಡುವುದು ಅಲ್ಲೇ. ಕ್ಯಾಮೆರಾ ಕಾವಲಿನ ಪರೀಕ್ಷೆಗೆ ಮೊಬೈಲ್ ಸಾಕೇ, ಲ್ಯಾಪ್‌ಟಾಪ್ ಬೇಕೇ? ನಡುವೆ ಕರೆಂಟ್ ಹೋದರೆ ಮತ್ತೆ ಒಳಗೆ ಬಿಡುತ್ತಾರೆಯೇ, ಶೂನ್ಯ ಹಾಕುತ್ತಾರೆಯೇ? ಉತ್ತರ ಇಮೇಲ್‌ನಲ್ಲಿ ಬರಲಿ. ಕುಷ್ಟಗಿ, ಸಿರುಗುಪ್ಪದ ಹಳ್ಳಿಯಲ್ಲಿದ್ದರೆ ಏಪ್ರಿಲ್ ಮಧ್ಯಾಹ್ನ ಮೂರು ತಾಸು ಬಿಡದೆ ವಿಡಿಯೊ ಕಾಲ್ ನಡೆಸಿ ನೋಡಿ, ನಿಮ್ಮ ನೆಟ್ ತಾನೇ ಉತ್ತರ ಹೇಳುತ್ತದೆ.

ವಿಶ್ವವಿದ್ಯಾಲಯಕ್ಕಿರುವ ಹೆಸರು ಅಳೆಯಲು ಐದು ನಕ್ಷತ್ರದ ವಿಮರ್ಶೆ ಓದುವುದಿಲ್ಲ. ಒಂದೇ ವಾರ ಹತ್ತಾರು ಬಂದಿದ್ದರೆ ಬರೆಸಿದ್ದೆಂದು ಬಿಡುತ್ತೇನೆ. ಎರಡು, ಮೂರು ನಕ್ಷತ್ರದವುಗಳಲ್ಲಿ ‘ರೀಫಂಡ್’, ‘ಮಾರ್ಕ್ಸ್‌ಕಾರ್ಡ್’ ಎಂಬ ಮಾತು ಹುಡುಕುತ್ತೇನೆ. ಓದಿ ಮುಗಿಸಿದವರನ್ನು ಕೇಳುವುದು ಒಂದೇ: ಪದವಿ ಪತ್ರ ಎಷ್ಟು ತಿಂಗಳಿಗೆ ಕೈಸೇರಿತು? ಕೆಲಸದಲ್ಲಿರುವವರು ತಮ್ಮ ಎಚ್‌ಆರ್‌ಗೆ ‘ನಡೆಯುತ್ತದಾ’ ಎಂದು ಕೇಳಬಾರದು. ‘ಆನ್‌ಲೈನ್ ಎಂಬಿಎ ಮೇಲೆ ಬಡ್ತಿ ಕೊಟ್ಟದ್ದುಂಟಾ’ ಎನ್ನಬೇಕು.

ಇನ್ನು ದುಡ್ಡು. ಶುಲ್ಕ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲೇ ಕಟ್ಟಬೇಕು, ರಸೀದಿಯೂ ಅದರ ಹೆಸರಲ್ಲೇ ಬರಬೇಕು. ‘ನೋ ಕಾಸ್ಟ್ ಇಎಂಐ’ ಅಂದರೆ ಸಾಮಾನ್ಯವಾಗಿ ನಿಮ್ಮ ಹೆಸರಲ್ಲಿ ಎತ್ತಿದ ಸಾಲ. ಕಂಪನಿಗೆ ಪೂರ್ತಿ ಹಣ ಮೊದಲೇ ಹೋಗಿರುತ್ತದೆ, ಓದು ಬಿಟ್ಟರೂ ಕಂತು ಬಿಡುವುದಿಲ್ಲ, ಕಟ್ಟದಿದ್ದರೆ ಮುಂದಿನ ಸಾಲಕ್ಕೆ ಬ್ಯಾಂಕುಗಳು ನೋಡುವ ಸಿಬಿಲ್ ಅಂಕ ಇಳಿಯುತ್ತದೆ. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ, ಸಾಲ ಬೇಡವೆಂದು ಹಿಂದೆ ಸರಿಯಬಹುದಾದ ಅವಧಿ ಇರುತ್ತದೆ. ಅದು ಎಷ್ಟು ದಿನವೆಂದು ಸಾಲದ ವಿವರಪತ್ರದಲ್ಲಿ ಮೊದಲು ಗುರುತು ಮಾಡಿ. ಬಿಡುವುದಾದರೆ ಅದರೊಳಗೆ ಸಾಲ ಕೊಟ್ಟ ಸಂಸ್ಥೆ, ವಿಶ್ವವಿದ್ಯಾಲಯ ಇಬ್ಬರಿಗೂ ಇಮೇಲ್ ಬರೆಯಿರಿ. ಕೌನ್ಸೆಲರ್‌ಗೆ ವಾಟ್ಸ್ಆ್ಯಪ್ ಮಾಡಿದ್ದು ಲೆಕ್ಕಕ್ಕಿಲ್ಲ.