ಹೊಸ ಲ್ಯಾಪ್‌ಟಾಪಲ್ಲಿ ವೈಫೈ ಕಟ್ ಆಗ್ತಾನೇ ಇತ್ತು: ನಾನು ಹುಡುಕಿದ್ದು, ಸರಿ ಮಾಡಿದ್ದು

ಮನೇಲಿರೋ ಫೋನುಗಳಿಗೆಲ್ಲ ವೈಫೈ ಚೆನ್ನಾಗಿ ಬರುತ್ತೆ, ಟಿವಿ ಆರಾಮಾಗಿ ಓಡುತ್ತೆ, ಹಳೇ ಲ್ಯಾಪ್‌ಟಾಪಿಗೂ ಯಾವ ತಕರಾರಿಲ್ಲ, ಹೊಸದಾಗಿ ತಂದ ಲ್ಯಾಪ್‌ಟಾಪ್ ಮಾತ್ರ ಮೀಟಿಂಗ್ ಮಧ್ಯೆ ನಿಂತು ಬಿಡುತ್ತೆ. ಈ ತೊಂದ್ರೆ ಇರೋರು ತುಂಬಾ ಜನ ಇದಾರೆ ಅಂತ ಗೊತ್ತು, ಅದಕ್ಕೇ ನಮ್ಮ ಮೈಸೂರು ಮನೇಲಿ ನಾನು ಇದನ್ನ ಹೇಗೆ ಹುಡುಕ್ದೆ ಅಂತ ಪೂರ್ತಿ ಬರೀತಿದೀನಿ. ನಾನು ಬೆಂಗಳೂರಿನ ಕಂಪ್ನಿಗೆ ಮನೆಯಿಂದ್ಲೇ ಕೆಲ್ಸ ಮಾಡೋನು, ನೆಟ್ ಹೋದ್ರೆ ಕೆಲ್ಸಾನೇ ನಿಂತ ಹಾಗೆ.

ಆಗ್ತಿದ್ದಿದ್ದು ಹೀಗೆ. ಕೆಳಗಡೆ ಮೂಲೇಲಿ ವೈಫೈ ಗೆರೆ ತುಂಬಾನೇ ತೋರಿಸ್ತಿರುತ್ತೆ, ಕನೆಕ್ಟೆಡ್ ಅಂತ್ಲೂ ಇರುತ್ತೆ, ಆದ್ರೆ ಎದುರಿನವ್ರ ಮುಖ ಹಂಗೇ ಫ್ರೀಜ್ ಆಗುತ್ತೆ, ಪೇಜ್ ತೆರ್ಯಲ್ಲ, ಅರ್ಧ ನಿಮಿಷ ಬಿಟ್ಟು ಏನೂ ಆಗ್ದೆ ಇರೋ ಥರ ಮತ್ತೆ ಶುರು. ಇನ್ನು ಕೆಲವು ಸಲ ಲ್ಯಾಪ್‌ಟಾಪ್ ಮುಚ್ಚಿ ತೆಗೆದ್ರೆ ವೈಫೈ ಹೆಸ್ರೇ ಕಾಣಲ್ಲ, ಆಫ್ ಮಾಡಿ ಆನ್ ಮಾಡ್ಬೇಕು. ಇವೆರಡೂ ಬೇರೆ ಬೇರೆ ಕಾಯಿಲೆ ಅಂತ ಆಮೇಲೆ ಗೊತ್ತಾಯ್ತು, ಅದಕ್ಕೇ ಮೊದ್ಲೇ ಬೇರೆ ಬೇರೆಯಾಗಿ ಹೇಳಿದೀನಿ.

ಕೇಳ್ದೋರೆಲ್ಲ ಒಂದೊಂದು ಹೇಳಿದ್ರು: ರೂಟರ್ ಬದ್ಲಾಯ್ಸು, ವಿಂಡೋಸ್ ಫಾರ್ಮ್ಯಾಟ್ ಹೊಡಿ, ಪ್ಲ್ಯಾನ್ ಜಾಸ್ತಿ ಮಾಡ್ಸು. ಇಂಟರ್ನೆಟ್‌ನೋರ ಕಡೆಯಿಂದ ಹುಡುಗ ಬಂದ, ಬಾಕ್ಸ್ (ಅಂದ್ರೆ ನಮ್ಮ ವೈಫೈ ರೂಟರ್) ಪಕ್ಕ ನಿಂತ್ಕೊಂಡು ತನ್ನ ಫೋನಲ್ಲಿ ಸ್ಪೀಡ್ ಟೆಸ್ಟ್ ಮಾಡ್ದ, "ಸಾರ್ ನಮ್ ಕಡೆ ಲೈನ್ ಕ್ಲೀನ್ ಇದೆ, ನೋಡಿ" ಅಂದ. ಅವನು ಹೇಳಿದ್ದು ನಿಜ. ಆದ್ರೆ ಬಾಕ್ಸ್ ತನಕ ಲೈನ್ ಕ್ಲೀನ್ ಇರೋದು ಒಂದು, ಬಾಕ್ಸಿಂದ ಮೇಲಿನ ರೂಮಿನ ಲ್ಯಾಪ್‌ಟಾಪ್ ತನಕ ಕ್ಲೀನ್ ಇರೋದು ಇನ್ನೊಂದು. ಎಲ್ಲಿ ಕಟ್ ಆಗ್ತಿದೆ ಅಂತ ಗೊತ್ತಾಗೋ ತನಕ ಒಂದು ಸೆಟ್ಟಿಂಗೂ ಮುಟ್ಟೋದು ಬೇಡ ಅಂತ ತೀರ್ಮಾನ ಮಾಡ್ದೆ, ಉಳಿದಿದ್ದೆಲ್ಲ ಸುಲಭ ಆಗಿದ್ದು ಇದ್ರಿಂದ್ಲೇ.

ಅದಕ್ಕೆ ಬೇಕಾಗಿರೋದು ಎರಡು ಕಪ್ಪು ಕಿಟಕಿ ಅಷ್ಟೆ. ಕಮಾಂಡ್ ಪ್ರಾಂಪ್ಟ್ ತೆಗ್ದು ಐಪಿಕಾನ್ಫಿಗ್ (ipconfig) ಅಂತ ಹೊಡೆದ್ರೆ ಡೀಫಾಲ್ಟ್ ಗೇಟ್‌ವೇ ಅಂತ ಒಂದು ನಂಬರ್ ಬರುತ್ತೆ, ನಮ್ಮನೇಲಿ ಅದು 192.168.1.1, ಅದೇ ನಮ್ಮ ಬಾಕ್ಸಿನ ಅಡ್ರೆಸ್. ಒಂದು ಕಿಟಕೀಲಿ ಪಿಂಗ್ ಅಂತ ಹೊಡ್ದು ಈ ನಂಬರ್ ಹಾಕಿ ಕೊನೇಲಿ ಸ್ಪೇಸ್ ಕೊಟ್ಟು ಮೈನಸ್ ಟಿ ಹಾಕೋದು (ping 192.168.1.1 -t), ಆಗ ಅದು ಆ ಅಡ್ರೆಸ್ಸಿಗೆ ಪುಟ್ಟ ಸಂದೇಶ ಕಳ್ಸಿ ಉತ್ತರ ಎಷ್ಟು ಹೊತ್ತಿಗೆ ಬಂತು ಅಂತ ತೋರಿಸ್ತಾ, ನಿಲ್ಸೋ ತನಕ ಓಡ್ತಾನೇ ಇರುತ್ತೆ. ಇನ್ನೊಂದು ಕಿಟಕೀಲಿ ಇದೇ ಥರ 8.8.8.8ಕ್ಕೆ, ಅದು ಗೂಗಲ್‌ದು, ಮನೆ ಆಚೆ ಇರೋದು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನಿಮ್ಮ ಪಾಡಿಗೆ ಕೆಲ್ಸ ಮಾಡಿ. ಮೀಟಿಂಗ್ ನಿಂತಾಗ ಆಚೇದು ಮಾತ್ರ ನಿಂತಿದ್ರೆ ತೊಂದ್ರೆ ಇಂಟರ್ನೆಟ್‌ನೋರದ್ದು. ಬಾಕ್ಸಿಗೆ ಹೋಗೋ ಪಿಂಗೂ ನಿಂತಿದ್ರೆ ತೊಂದ್ರೆ ಮನೆ ಒಳಗಡೇದು. ನಂಗೆ ಕಂಡಿದ್ದು ಎರಡನೇದು: 3, 4 ಮಿಲಿಸೆಕೆಂಡಲ್ಲಿ ಬರ್ತಿದ್ದ ಉತ್ತರ ಇದ್ದಕ್ಕಿದ್ದಂಗೆ 400, 900, ಆಮೇಲೆ ಸಾಲಾಗಿ ರಿಕ್ವೆಸ್ಟ್ ಟೈಮ್ಡ್ ಔಟ್, ಅಂದ್ರೆ ಉತ್ತರಾನೇ ಇಲ್ಲ. ಅದೇ ಟೇಬಲ್ ಮೇಲೆ ಪಕ್ಕದಲ್ಲಿದ್ದ ಹಳೇ ಲ್ಯಾಪ್‌ಟಾಪಲ್ಲಿ ಅದೇ ಹೊತ್ತಿಗೆ ಪಿಂಗ್ ಒಂದು ಸಲಾನೂ ತಪ್ಪಿರ್ಲಿಲ್ಲ.

ಹಂಗಾದ್ರೆ ಹೊಸದ್ರಲ್ಲಿ ಏನು ಬೇರೆ? ಇದಕ್ಕೆ ವಿಂಡೋಸ್‌ನಲ್ಲೇ ಒಂದು ಕಮಾಂಡ್ ಇದೆ, ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್ (netsh wlan show interfaces) ಅಂತ, ಅದು ಈ ಕ್ಷಣಕ್ಕೆ ಯಾವ ಬ್ಯಾಂಡ್ (ವೈಫೈ ಓಡೋ ರೇಡಿಯೋ ಪಟ್ಟಿ, ನಮ್ಮನೇಲಿ 2.4 ಇಲ್ಲಾ 5 ಗಿಗಾಹರ್ಟ್ಸ್), ಯಾವ ಚಾನೆಲ್ (ಆ ಪಟ್ಟಿ ಒಳಗಿನ ಒಂದು ದಾರಿ), ಸಿಗ್ನಲ್ ಎಷ್ಟು ಪರ್ಸೆಂಟ್ ಅಂತ ಎಲ್ಲಾ ಹೇಳುತ್ತೆ. ಚೆನ್ನಾಗಿ ಓಡ್ತಿದ್ದಾಗ ನೋಡ್ದೆ, ಚಾನೆಲ್ 56, ಅಂದ್ರೆ 5 ಗಿಗಾಹರ್ಟ್ಸ್, ಸಿಗ್ನಲ್ ನಲವತ್ತರ ಆಸುಪಾಸು. ನಿಂತಾಗ ನೋಡ್ದೆ, ಚಾನೆಲ್ 6, ಅಂದ್ರೆ 2.4. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಮತ್ತೆ 56. ಲ್ಯಾಪ್‌ಟಾಪ್ ಎರಡು ಬ್ಯಾಂಡ್ ಮಧ್ಯೆ ಓಡಾಡ್ತಿತ್ತು. ಈಗಿನ ಬಾಕ್ಸುಗಳು ಎರಡೂ ಬ್ಯಾಂಡಿಗೆ ಒಂದೇ ಹೆಸ್ರು ಕೊಟ್ಟು, ಸಿಗ್ನಲ್ ಕಮ್ಮಿ ಆದ ಕಡೆ ಆ ಕಡೆಯಿಂದ ಈ ಕಡೆಗೆ ತಳ್ತವೆ, ಇದಕ್ಕೆ ಬ್ಯಾಂಡ್ ಸ್ಟೀರಿಂಗ್ ಅಂತಾರೆ. ನಮ್ಮ ಬಾಕ್ಸ್ ಕೆಳಗಡೆ ಹಾಲಲ್ಲಿ ಟಿವಿ ಕ್ಯಾಬಿನೆಟ್ ಒಳಗೆ, ನನ್ನ ರೂಮು ಮಹಡಿ ಮೇಲೆ, ಮಧ್ಯೆ ಆರ್‌ಸಿಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ ಕೊಡುತ್ತೆ, ಆದ್ರೆ ಗೋಡೆ, ಸ್ಲ್ಯಾಬ್ ದಾಟೋದ್ರಲ್ಲಿ 2.4ಗಿಂತ ಸೊರಗುತ್ತೆ. ಹಳೇ ಲ್ಯಾಪ್‌ಟಾಪಿನ ವೈಫೈ ಕಾರ್ಡಲ್ಲಿ 5 ಇಲ್ವೇ ಇಲ್ಲ, ಬರೀ 2.4, ಹಂಗಾಗಿ ಅದು ಎಲ್ಲಿಗೂ ಹಾರೋ ಪ್ರಶ್ನೇನೇ ಇಲ್ಲ.

ಇಲ್ಲಿಗೆ ಅರ್ಧ ಮಾತ್ರ ಅರ್ಥ ಆಗಿತ್ತು. ಯಾಕಂದ್ರೆ 2.4ಗೆ ಹಾರಿದ್ರೆ ಸ್ಪೀಡ್ ಕಮ್ಮಿ ಆಗ್ಬೇಕೇ ಹೊರತು ಪೂರ್ತಿ ನಿಲ್ಬಾರ್ದು, ಹಳೇದು ಅದೇ 2.4ರಲ್ಲೇ ಚೆನ್ನಾಗಿ ನಡೀತಿತ್ತಲ್ಲ. ಸುಳಿವು ಸಿಕ್ಕಿದ್ದು ಬ್ಲೂಟೂತ್ ಮೌಸಿಂದ. ಮೀಟಿಂಗ್ ಕೈ ಕೊಡೋ ಟೇಬಲ್ಲಲ್ಲೇ ಮೌಸೂ ತಡವರಿಸ್ತಿತ್ತು, ಕೆಳಗೆ ಊಟದ ಟೇಬಲ್ ಮೇಲೆ ಕೂತ್ರೆ ಎರಡೂ ಸರಿ. ಬ್ಲೂಟೂತ್ ಓಡೋದೂ 2.4 ಗಿಗಾಹರ್ಟ್ಸಲ್ಲೇ. ಮೇಲಿನ ಟೇಬಲ್ಲಲ್ಲಿ ಇದ್ದು ಕೆಳಗಡೆ ಇಲ್ದೆ ಇರೋದು ಏನು ಅಂತ ನೋಡಿದ್ರೆ, ಯುಎಸ್‌ಬಿ ಹಬ್ಬು ಮತ್ತೆ ಅದಕ್ಕೆ ಸಿಕ್ಕಿಸಿದ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ, ಅಂದ್ರೆ ಫೈಲ್ ಇಡೋ ಡ್ರೈವ್. ಹೊಸ ಲ್ಯಾಪ್‌ಟಾಪ್ ತೆಳ್ಳಗಿದೆ, ಇರೋದು ಎರಡೇ ಟೈಪ್ ಸಿ ಕಿಂಡಿ, ಮಾನಿಟರಿಗೆ, ಡ್ರೈವಿಗೆ ಎಲ್ಲಕ್ಕೂ ಹಬ್ ಬೇಕೇ ಬೇಕು. ಹಳೇದಕ್ಕೆ ಹಬ್ಬೇ ಬೇಕಿರ್ಲಿಲ್ಲ.

ಇಂಥ ಡ್ರೈವುಗಳು ಬಳಸೋ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಓಡಿಸುತ್ತೆ, ಆ ಓಟದಿಂದ ಹೊರಗೆ ಸೋರೋ ರೇಡಿಯೋ ಗದ್ದಲ ಸರಿಯಾಗಿ 2.4ರ ಜಾಗಕ್ಕೂ ಬಂದು ಬೀಳುತ್ತೆ. ಇಂಟೆಲ್‌ನೋರು 2012ರಲ್ಲೇ ಇದ್ರ ಬಗ್ಗೆ ಅಳತೆ ಮಾಡಿ ಒಂದು ಪೇಪರ್ ಹಾಕಿದಾರೆ. ಕೇಬಲ್ಲು, ಕನೆಕ್ಟರು, ಡ್ರೈವಿನ ಕವಚ ಚೆನ್ನಾಗಿ ಶೀಲ್ಡ್ ಆಗಿಲ್ದಿದ್ರೆ ಪಕ್ಕದಲ್ಲಿರೋ ವೈಫೈ ಆಂಟೆನಾಗೆ ಬೇರೇನೂ ಕೇಳ್ಸಲ್ಲ, ಸಂತೇಲಿ ನಿಂತು ಫೋನಲ್ಲಿ ಮಾತಾಡಿದ ಹಾಗೆ. ನಂಬಿಕೆ ಬರ್ಬೇಕಲ್ಲ, ಪರೀಕ್ಷೆ ಮಾಡ್ದೆ: ಲ್ಯಾಪ್‌ಟಾಪನ್ನ 2.4ರಲ್ಲೇ ಕೂರ್ಸಿ, ಪಿಂಗ್ ಓಡ್ಸಿ, ಎಸ್‌ಎಸ್‌ಡಿಗೆ ದೊಡ್ಡ ಫೋಲ್ಡರ್ ಒಂದನ್ನ ಕಾಪಿ ಹಾಕ್ದೆ. ಕಾಪಿ ಶುರು ಆದ ತಕ್ಷಣ ಟೈಮ್ಡ್ ಔಟ್, ಕಾಪಿ ನಿಲ್ಸಿದ್ರೆ 4 ಮಿಲಿಸೆಕೆಂಡ್, ಮತ್ತೆ ಶುರು ಮಾಡಿದ್ರೆ ಮತ್ತೆ ಟೈಮ್ಡ್ ಔಟ್. ಸ್ವಿಚ್ ಹಾಕಿ ತೆಗ್ದಷ್ಟು ಸ್ಪಷ್ಟ. ನನ್ನ ಬ್ಯಾಕಪ್ ಆಗಾಗ ತಾನಾಗೇ ಓಡೋದು, ಅದಕ್ಕೇ ಯಾವಾಗ ಕಟ್ ಆಗುತ್ತೆ ಅನ್ನೋದಕ್ಕೆ ಹೊತ್ತುಗೊತ್ತು ಇರ್ಲಿಲ್ಲ. 5 ಸಿಗ್ನಲ್ ಕಮ್ಮಿ, ಅದಕ್ಕೆ 2.4ಗೆ ಹಾರುತ್ತೆ, ಅಲ್ಲಿ ಎಸ್‌ಎಸ್‌ಡಿ ಗದ್ದಲ, ಅದಕ್ಕೆ ಮೀಟಿಂಗ್ ನಿಲ್ಲುತ್ತೆ. ಒಂದಕ್ಕೊಂದು ಗಂಟು ಬಿದ್ದಿತ್ತು.

ಸರಿ ಮಾಡಿದ್ದು: ಬಾಕ್ಸ್ ಕೆಳಗಿನ ಸ್ಟಿಕ್ಕರಲ್ಲಿ ಲಾಗಿನ್ ಇರುತ್ತೆ, ಬ್ರೌಸರಲ್ಲಿ 192.168.1.1 ಹಾಕಿ ಒಳಗೆ ಹೋಗಿ ಬ್ಯಾಂಡ್ ಸ್ಟೀರಿಂಗ್ ಆಫ್ ಮಾಡಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸ್ರು ಕೊಟ್ಟೆ, ಹೊಸ ಲ್ಯಾಪ್‌ಟಾಪಲ್ಲಿ 2.4ರ ಹೆಸ್ರನ್ನ ಫರ್ಗೆಟ್ ಮಾಡ್ದೆ. ಚಾನೆಲ್ ಆಟೋ ಇತ್ತು, ಅದನ್ನ 36ಕ್ಕೆ ನಿಲ್ಲಿಸ್ದೆ. ಯಾಕಂದ್ರೆ 52ರಿಂದ 144ರ ತನಕ ಇರೋ ಚಾನೆಲ್‌ಗಳನ್ನ ರೇಡಾರ್‌ಗಳೂ ಬಳಸ್ತವೆ, ರೇಡಾರ್ ಕಂಡ್ರೆ ಬಾಕ್ಸು ಆ ಚಾನೆಲ್ ಬಿಟ್ಟು ಹೋಗ್ಲೇ ಬೇಕು ಅನ್ನೋ ನಿಯಮ, ಅಂಥದ್ದೇ ಇನ್ನೊಂದು ಚಾನೆಲ್ ಹಿಡಿಯೋ ಮುಂಚೆ ಕಮ್ಮಿ ಅಂದ್ರೂ 60 ಸೆಕೆಂಡ್ ಸುಮ್ನೆ ಕೇಳ್ಕೊಂಡು ಕೂರ್ಬೇಕು. 36ರಿಂದ 48ಕ್ಕೆ ಆ ಕಾಟ ಇಲ್ಲ. ಆಮೇಲೆ ಬಾಕ್ಸನ್ನೇ ಕ್ಯಾಬಿನೆಟ್ಟಿಂದ ಆಚೆ ತೆಗ್ಸಿ, ಮಹಡಿ ಮೆಟ್ಟಿಲ ಹತ್ರ ಗೋಡೇಲಿ ಎತ್ತರಕ್ಕೆ ಹಾಕ್ಸಿದೆ. ಫೈಬರ್ ವೈರನ್ನ ನೀವೇ ಎಳೀಬೇಡಿ, ಮಡಚಿದ್ರೆ ಒಳಗಿನ ಗಾಜು ಮುರಿಯುತ್ತೆ, ಅದೇ ಹುಡುಗನ್ನ ಕರ್ದೆ, ಬಂದು ನೀಟಾಗಿ ಮಾಡ್ಕೊಟ್ಟ. ಈಗ ಮೇಲಿನ ರೂಮಲ್ಲಿ 5 ಗಿಗಾಹರ್ಟ್ಸೇ ಎಪ್ಪತ್ತು ಪರ್ಸೆಂಟ್ ಮೇಲೆ ಬರುತ್ತೆ. ಎಸ್‌ಎಸ್‌ಡಿಗೆ ಉದ್ದ ಕೇಬಲ್ ಹಾಕಿ ಮಾನಿಟರ್ ಹಿಂದಕ್ಕೆ ಇಟ್ಟೆ, ಮೌಸೂ ಸರಿ ಹೋಯ್ತು. ನನ್ನ ಪ್ರಕಾರ ಮುಕ್ಕಾಲು ಮನೆಗಳಲ್ಲಿ ಹೊಸ ರೂಟರ್ ಬೇಕಿಲ್ಲ, ಇರೋ ಬಾಕ್ಸು ಕ್ಯಾಬಿನೆಟ್ಟಿಂದ ಆಚೆ ಬಂದ್ರೆ ಸಾಕು.

ಇನ್ನು ಮುಚ್ಚಿ ತೆಗೆದ್ರೆ ವೈಫೈ ಕಾಣೆ ಆಗೋ ಕಾಯಿಲೆ. ಇದಕ್ಕೆ ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್ (netsh wlan show wlanreport) ಅನ್ನೋ ಕಮಾಂಡ್, ಅಡ್ಮಿನ್ ಆಗಿ ತೆಗ್ದು ಹೊಡೀಬೇಕು, ಕಳೆದ ಮೂರು ದಿನದಲ್ಲಿ ಯಾವಾಗ ಕನೆಕ್ಟ್ ಆಯ್ತು, ಯಾವಾಗ, ಯಾಕೆ ಕಟ್ ಆಯ್ತು ಅಂತ ಗ್ರಾಫ್ ಸಮೇತ ಒಂದು ಪೇಜ್ ಮಾಡ್ಕೊಡುತ್ತೆ. ಇಷ್ಟು ಒಳ್ಳೇ ಸಾಧನ ಮನೆ ಒಳಗೇ ಇದ್ರೂ ಯಾರೂ ಹೇಳಲ್ಲ ಅನ್ನೋದು ನಂಗೆ ಬೇಜಾರು. ನಂದರಲ್ಲಿ ನಿದ್ದೆಯಿಂದ ಎದ್ದಾಗೆಲ್ಲ ಡ್ರೈವರೇ (ವೈಫೈ ಕಾರ್ಡನ್ನ ಓಡ್ಸೋ ಸಾಫ್ಟ್‌ವೇರ್) ಕನೆಕ್ಷನ್ ಕಡಿದಿದೆ ಅಂತ ಕಾರಣ ಬರೆದಿತ್ತು. ಡಿವೈಸ್ ಮ್ಯಾನೇಜರಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಲ್ಲಿ, ಪವರ್ ಉಳ್ಸೋಕೆ ಕಾರ್ಡ್ ಆಫ್ ಮಾಡೋ ಟಿಕ್ ತೆಗೀರಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಮಾಡರ್ನ್ ಸ್ಟ್ಯಾಂಡ್‌ಬೈ (ನಿದ್ದೇಲೂ ಅರ್ಧ ಎಚ್ಚರ ಇರೋ ವ್ಯವಸ್ಥೆ) ಇರೋ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಟ್ಯಾಬೇ ಇರಲ್ಲ, ನಂದರಲ್ಲೂ ಇರ್ಲಿಲ್ಲ. ಹಂಗಾಗಿ ಲ್ಯಾಪ್‌ಟಾಪ್ ಕಂಪ್ನಿ ಸೈಟಲ್ಲಿ ಸೀರಿಯಲ್ ನಂಬರ್ ಹಾಕಿ ಅದೇ ಮಾಡೆಲ್ಲಿನ ಹೊಸ ವೈಫೈ ಡ್ರೈವರ್ ಇಳಿಸ್ಕೊಂಡೆ, ಮೊದ್ಲು ಇಳಿಸ್ಕೊಂಡು ಆಮೇಲೆ ಹಳೇದನ್ನ ಡಿವೈಸ್ ಮ್ಯಾನೇಜರಲ್ಲಿ ಅನ್‌ಇನ್‌ಸ್ಟಾಲ್ ಮಾಡಿ, ಇಲ್ದಿದ್ರೆ ಡೌನ್‌ಲೋಡ್ ಮಾಡೋಕೇ ನೆಟ್ ಇರಲ್ಲ, ಅಂಥ ಹೊತ್ತಲ್ಲಿ ಫೋನನ್ನ ಕೇಬಲ್ಲಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ದಾರಿ ಆಗುತ್ತೆ. ವೈಫೈ ಕಾರ್ಡಿನ ಅಡ್ವಾನ್ಸ್ಡ್ ಟ್ಯಾಬಲ್ಲಿ ರೋಮಿಂಗ್ ಅಗ್ರೆಸಿವ್‌ನೆಸ್ (ಬೇರೆ ಸಿಗ್ನಲ್ಲಿಗೆ ಎಷ್ಟು ಬೇಗ ಹಾರ್ಬೇಕು ಅನ್ನೋದು) ಅಂತ ಇತ್ತು, ಅದನ್ನ ಲೋ ಮಾಡ್ದೆ. ಒಂದು ಬದಲಾವಣೆ ಮಾಡಿ ಅರ್ಧ ದಿನ ಕೆಲ್ಸ ಮಾಡಿ ನೋಡೋದು, ಆಮೇಲೆ ಇನ್ನೊಂದು. ನೆಟ್‌ವರ್ಕ್ ರೀಸೆಟ್ ಮಾತ್ರ ಕೊನೇಗೆ ಇಟ್ಕೊಳ್ಳಿ, ಅದು ಸೇವ್ ಆಗಿರೋ ವೈಫೈ ಪಾಸ್‌ವರ್ಡೆಲ್ಲ ಅಳ್ಸುತ್ತೆ, ಆಫೀಸಿನ ವಿಪಿಎನ್ನೂ ಮತ್ತೆ ಹಾಕ್ಕೋಬೇಕಾಗ್ಬೋದು.

ಇಷ್ಟು ಮಾಡಿದ್ರೂ ಆಗ್ಲಿಲ್ಲ ಅಂದ್ರೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಕೊಂಡು, ಹಬ್ಬು ಗಿಬ್ಬು ಎಲ್ಲಾ ತೆಗ್ದು, ಫೋನಿನ ಗೇಟ್‌ವೇಗೇ ಪಿಂಗ್ ಓಡ್ಸಿ. ಅಷ್ಟು ಹತ್ರದಲ್ಲೂ ಕಟ್ ಆದ್ರೆ ಕಾರ್ಡೋ ಒಳಗಿನ ಆಂಟೆನಾ ವೈರೋ ಹೋಗಿರೋ ಸಾಧ್ಯತೆ ಜಾಸ್ತಿ. ಆಗ ವಾರಂಟಿ ಇರೋವಾಗ್ಲೇ ಸರ್ವಿಸ್ ಸೆಂಟರಿಗೆ ಹೋಗಿ, ಆ ರಿಪೋರ್ಟ್ ಪೇಜನ್ನ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗಿ, ಅಲ್ಲಿ ಕೌಂಟರಲ್ಲಿ ಆನ್ ಮಾಡ್ದಾಗ ಚೆನ್ನಾಗೇ ಓಡುತ್ತೆ, ಕಟ್ ಆಗೋದು ಮನೆಗೆ ಬಂದ ಮೇಲೆ, ಕೈಲಿ ತಾರೀಖು, ಟೈಮು, ಕಾರಣ ಸಮೇತ ಇದ್ರೆ "ನಮ್ಮಲ್ಲಿ ಸರಿ ಇದೆ ಸಾರ್" ಅಂತ ವಾಪಸ್ ಕಳ್ಸೋಕೆ ಆಗಲ್ಲ.