ಮಾಂಟ್ರಿಯಲ್‌ನಲ್ಲಿ ಹಾಕಿ ಮಾತಿಗೆ ಕೂರುವ ಮುನ್ನ: ಸ್ಲಾಫ್ಕೋವ್ಸ್ಕಿ ಮತ್ತು ಹಳೆಯ ಡಿಫೆನ್ಸ್‌ಮನ್‌ಗಳು

ಕೆಲಸಕ್ಕೋ ಓದಿಗೋ ಮಾಂಟ್ರಿಯಲ್‌ಗೆ ಬಂದವರಿಗೆ ಅಕ್ಟೋಬರ್ ಹೊತ್ತಿಗೆ ಆಫೀಸಿನ ಊಟದ ಮೇಜಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಬಳಿ ಊರಿನ ಹಾಕಿ ತಂಡ ಕೆನೇಡಿಯನ್ಸ್‌ನ ಮಾತೇ ಕಿವಿಗೆ ಬೀಳತೊಡಗುತ್ತದೆ. ಇಲ್ಲಿ ಬರೀ ಹಾಕಿ ಎಂದರೆ ಐಸ್ ಮೇಲಿನದು. ಕೊಡಗಿನ ಮೈದಾನಗಳಲ್ಲಿ ಆಡುವುದರ ಬಗ್ಗೆ ಹೇಳಬೇಕಾದರೆ ಫೀಲ್ಡ್ ಹಾಕಿ ಎಂದು ಬಿಡಿಸಿ ಹೇಳಿ. ಆಟದ ನಿಯಮ ಕಲಿಯಲು ಹೆಚ್ಚು ದಿನ ಬೇಕಿಲ್ಲ. ಹೊಸಬರು ತಡವರಿಸುವುದು ವಾದದ ಹಿನ್ನೆಲೆ ಗೊತ್ತಿಲ್ಲದಾಗ. ಯೂರಾಯ್ ಸ್ಲಾಫ್ಕೋವ್ಸ್ಕಿ ಎಂಬ ಎಳೆಯ ಫಾರ್ವರ್ಡ್ ಸರಿಯಾಗಿ ಬೆಳೆಯುತ್ತಿದ್ದಾನೋ ಇಲ್ಲವೋ ಎಂದು ಇಬ್ಬರು ಮಾತು ಶುರುಮಾಡಿದರೆ, ಸ್ವಲ್ಪ ಹೊತ್ತಿಗೆ ಸೂಬನ್, ಮೆಕ್‌ಡೊನಾ, ಸೆರ್ಗಚೋವ್ ಅಂತ ಹಳೆಯ ಡಿಫೆನ್ಸ್‌ಮನ್‌ಗಳ ಹೆಸರು ಬಂದೇ ಬರುತ್ತವೆ. ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನಿಸಬಹುದು. ಆದರೆ ಸಂಬಂಧ ಇದೆ: ಕಾಯದೆ ಬಿಟ್ಟುಕೊಟ್ಟ ಎಳೆಯ ಆಟಗಾರರ ಲೆಕ್ಕ ಈ ಊರಿನವರಿಗೆ ಬಾಯಿಪಾಠ. ಹಾಗಾಗಿ ಪ್ರತಿ ಹೊಸ ಹುಡುಗನನ್ನೂ ಆ ಲೆಕ್ಕ ಮುಂದಿಟ್ಟುಕೊಂಡೇ ತೂಗುತ್ತಾರೆ.

ಮೊದಲು ಬೇಕಾದಷ್ಟು ತಳಪಾಯ. ಪಂದ್ಯಕ್ಕೆ ಒಂದು ತಂಡದಿಂದ 20 ಮಂದಿ ಸಜ್ಜಾಗುತ್ತಾರೆ. ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್‌ಮನ್, 2 ಗೋಲಿ (ಗೋಲು ಕಾಯುವವರು). ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಲೈನ್, ಡಿಫೆನ್ಸ್‌ಮನ್‌ಗಳು ಇಬ್ಬರಂತೆ ಮೂರು ಜೋಡಿ. ತಲಾ 20 ನಿಮಿಷದ ಮೂರು ಪೀರಿಯಡ್. ಒಬ್ಬ ಆಟಗಾರ ಒಮ್ಮೆಗೆ ಐಸ್ ಮೇಲಿರುವುದು ಮುಕ್ಕಾಲು ನಿಮಿಷದಷ್ಟು, ಅದೇ ಶಿಫ್ಟ್. ಎಲ್ಲ ಶಿಫ್ಟ್ ಕೂಡಿಸಿದರೆ ಮೊದಲ ಲೈನಿನವನಿಗೆ 18ರಿಂದ 20 ನಿಮಿಷ, ನಾಲ್ಕನೆಯ ಲೈನಿನವನಿಗೆ 10ರ ಆಸುಪಾಸು, ಒಳ್ಳೆಯ ಡಿಫೆನ್ಸ್‌ಮನ್‌ಗೆ 24 ನಿಮಿಷದವರೆಗೂ ಸಿಗುತ್ತದೆ. ಯಾರನ್ನೇ ಅಳೆಯುವಾಗಲೂ ಈ ನಿಮಿಷಗಳನ್ನು ಮೊದಲು ನೋಡಿ, ಆಮೇಲೆ ಪಾಯಿಂಟ್. ಗೋಲು ಹೊಡೆದರೆ ಒಂದು, ಗೋಲಾಗುವಂತೆ ಪಾಸ್ ಕೊಟ್ಟ ಅಸಿಸ್ಟಿಗೆ ಒಂದು ಪಾಯಿಂಟ್. ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಕೊಡುತ್ತಾರೆ.

ಸ್ಲಾಫ್ಕೋವ್ಸ್ಕಿ 2004ರ ಮಾರ್ಚಿನಲ್ಲಿ ಸ್ಲೊವಾಕಿಯಾದ ಕೋಶಿತ್ಸೆಯಲ್ಲಿ ಹುಟ್ಟಿದವನು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಇನ್ನೂ 17ರ ವಯಸ್ಸಿನಲ್ಲಿ, 7 ಗೋಲು ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರನಾದ. ಸ್ಲೊವಾಕಿಯಾಕ್ಕೆ ಕಂಚು ಬಂತು. ಅದೇ ಜುಲೈನಲ್ಲಿ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಎಳೆಯರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆದದ್ದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲೇ. ಶೇನ್ ರೈಟ್‌ನನ್ನು ಆರಿಸುತ್ತಾರೆ ಎಂದು ಬಹಳ ಜನ ಕಾದಿದ್ದರು, ತಂಡ ಮೊದಲ ಆಯ್ಕೆಯಾಗಿ ಸ್ಲಾಫ್ಕೋವ್ಸ್ಕಿಯ ಹೆಸರು ಕೂಗಿತು. ಮೊದಲ ಋತುವಿನಲ್ಲಿ 39 ಪಂದ್ಯ, 4 ಗೋಲು, 6 ಅಸಿಸ್ಟ್; ಜನವರಿಯಲ್ಲಿ ಗಾಯವಾಗಿ ಋತುವೇ ಮುಗಿಯಿತು. ಹುಡುಗ ಹಾಳಾದ ಎಂಬ ಮಾತು ಆಗಲೇ ಹುಟ್ಟಿದ್ದು.

ಆ 10 ಪಾಯಿಂಟಿನ ಹಿಂದಿರುವುದನ್ನು ನೋಡಿ. ಪಂದ್ಯಕ್ಕೆ ಸುಮಾರು 12 ನಿಮಿಷ, ಅದೂ ಹೆಚ್ಚಾಗಿ ಕೆಳಗಿನ ಲೈನ್‌ಗಳಲ್ಲಿ. ಕೆನೇಡಿಯನ್ಸ್ ಆಡುವ ಎನ್‌ಎಚ್‌ಎಲ್ ಲೀಗಿನ ರಿಂಕಿನ (ಐಸ್ ಅಂಗಳದ) ಅಗಲ 85 ಅಡಿ, ಅಂದರೆ 26 ಮೀಟರ್. ಯೂರೋಪಿನಲ್ಲಿ 30 ಮೀಟರ್ ಅಗಲದ ರಿಂಕುಗಳೂ ಇವೆ. ಜಾಗ ಕಿರಿದಾದಷ್ಟೂ ಎದುರಾಳಿ ಬೇಗ ಮೈಮೇಲೆ ಬರುತ್ತಾನೆ. ತಲೆ ತಗ್ಗಿಸಿ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ನೋಡುತ್ತ ನಡುವೆ ಸಾಗುವ ಅಭ್ಯಾಸ ಇದ್ದವನಿಗೆ ಇಲ್ಲಿ ಪೆಟ್ಟು ಖಚಿತ, ಅವನಿಗೂ ಗಟ್ಟಿಯಾಗಿಯೇ ಬಿತ್ತು. ಎರಡನೆಯ ಋತುವಿನಲ್ಲಿ ಕೋಚ್ ಮಾರ್ಟಿನ್ ಸಾಂ ಲೂಯಿ ಅವನನ್ನು ನಿಕ್ ಸುಜುಕಿ, ಕೋಲ್ ಕಾಫೀಲ್ಡ್ ಜೊತೆ ಮೊದಲ ಲೈನಿಗೆ ಏರಿಸಿ ಅಲ್ಲೇ ಉಳಿಸಿಕೊಂಡರು. ಫಲ 82 ಪಂದ್ಯದಲ್ಲಿ 20 ಗೋಲು, 30 ಅಸಿಸ್ಟ್. ಅದರಲ್ಲೂ ದೊಡ್ಡ ಪಾಲು ಬಂದದ್ದು ಋತುವಿನ ದ್ವಿತೀಯಾರ್ಧದಲ್ಲಿ. 2024-25ರಲ್ಲಿ 79 ಪಂದ್ಯಕ್ಕೆ 51 ಪಾಯಿಂಟ್. ಒಂದೇ ಪಾಯಿಂಟ್ ಏರಿಕೆ, ನಿಂತ ನೀರಾದ ಎಂದು ಒಂದು ಗುಂಪು; ಎದುರಾಳಿಯ ಒಳ್ಳೆಯ ಡಿಫೆನ್ಸ್ ಜೋಡಿಯೇ ಈಗ ಅವನ ಎದುರು ನಿಲ್ಲುತ್ತದೆ ಎಂದು ಇನ್ನೊಂದು. ಎರಡನೆಯ ಗುಂಪಿನ ಮಾತಿನಲ್ಲಿ ತೂಕ ಹೆಚ್ಚು.

ಇನ್ನು ಎಂದೂ ಮುಗಿಯದ ಪ್ರಶ್ನೆ: 18ಕ್ಕೇ ಎನ್‌ಎಚ್‌ಎಲ್‌ನಲ್ಲಿ ಆಡಿಸುವ ಬದಲು ಲವಾಲ್ ರಾಕೆಟ್‌ಗೆ ಕಳಿಸಬೇಕಿತ್ತೇ? ರಾಕೆಟ್ ಎಂದರೆ ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್ ಲೀಗಿನಲ್ಲಿ ಕೆನೇಡಿಯನ್ಸ್‌ನ ತಂಡ, ಎಳೆಯರು ಪಳಗುವ ಜಾಗ. ಕೆನಡಾದ ಜೂನಿಯರ್ ಲೀಗಿನಿಂದ ಬಂದ 18ರವನನ್ನು ಆಗಿನ ನಿಯಮದ ಪ್ರಕಾರ ಅಲ್ಲಿಗೆ ಕಳಿಸುವಂತಿರಲಿಲ್ಲ. ಸ್ಲಾಫ್ಕೋವ್ಸ್ಕಿ ಫಿನ್‌ಲೆಂಡಿನ ಟಿಪಿಎಸ್ ಕ್ಲಬ್ಬಿನಿಂದ ಬಂದವನಾದ್ದರಿಂದ ಕಳಿಸಬಹುದಿತ್ತು. ಕಳಿಸಬೇಕಿತ್ತು ಎನ್ನುವವರು ಹಿಡಿದುಕೊಳ್ಳುವ ಉದಾಹರಣೆ ಯೆಸ್ಪೆರಿ ಕೊಟ್ಕಾನಿಯೆಮಿ. 2018ರ ಮೂರನೆಯ ಆಯ್ಕೆ. 18ಕ್ಕೇ ಆಡಿ 34 ಪಾಯಿಂಟ್ ತಂದ. ಮರುವರ್ಷ 36 ಪಂದ್ಯಕ್ಕೆ 8 ಪಾಯಿಂಟಿಗೆ ಕುಸಿದು ಲವಾಲ್‌ಗೆ ಹೋದ. 2021ರಲ್ಲಿ ಕ್ಯಾರೊಲೈನಾ 61 ಲಕ್ಷ ಡಾಲರಿನ ಆಫರ್ ಶೀಟ್ (ಬೇರೆ ತಂಡದ ಆಟಗಾರನಿಗೆ ನೇರವಾಗಿ ಕೊಡುವ ಒಪ್ಪಂದದ ಪ್ರಸ್ತಾಪ) ಕೊಟ್ಟು ಎತ್ತಿಕೊಂಡಿತು.

ಇದೇ ವಾದಕ್ಕೆ ಬೆಂಬಲವಾಗಿ ಡಿಫೆನ್ಸ್‌ಮನ್‌ಗಳನ್ನೂ ತರುತ್ತಾರೆ. 1970ರ ದಶಕದ ಮೂವರು ದಿಗ್ಗಜರಲ್ಲಿ ಒಬ್ಬನಾದ ಲ್ಯಾರಿ ರಾಬಿನ್ಸನ್ ಮೊದಲು ಆಗಿನ ಎಎಚ್‌ಎಲ್ ತಂಡ ನೋವಾ ಸ್ಕೋಷಿಯಾ ವಾಯೇಜರ್ಸ್‌ನಲ್ಲಿ ಪಳಗಿದವನು. ಪಿ.ಕೆ. ಸೂಬನ್ 2009-10ರಲ್ಲಿ ಆಗಿನ ಎಎಚ್‌ಎಲ್ ತಂಡ ಹ್ಯಾಮಿಲ್ಟನ್‌ನಲ್ಲಿ 77 ಪಂದ್ಯಕ್ಕೆ 53 ಪಾಯಿಂಟ್ ಗಳಿಸಿದ ಮೇಲೆಯೇ ಮೇಲೆ ಬಂದ. 2013ರಲ್ಲಿ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಸಿಗುವ ನಾರಿಸ್ ಟ್ರೋಫಿ ಗೆದ್ದ. ಇದಕ್ಕೆ ಎದುರು ಮಾತು ಲೇನ್ ಹಟ್ಸನ್. 2022ರಲ್ಲಿ 62ನೆಯ ಆಯ್ಕೆ, ಕುಳ್ಳ ಹುಡುಗ. ಬೋಸ್ಟನ್ ವಿಶ್ವವಿದ್ಯಾಲಯದಿಂದ ನೇರ ಬಂದು 2024-25ರಲ್ಲಿ 66 ಪಾಯಿಂಟ್ ತಂದು ಶ್ರೇಷ್ಠ ಹೊಸಬನಿಗೆ ಸಿಗುವ ಕಾಲ್ಡರ್ ಟ್ರೋಫಿ ಗೆದ್ದ. ತಂಡದ ಹೊಸ ಡಿಫೆನ್ಸ್‌ಮನ್‌ಗಳ ಪೈಕಿ ಕ್ರಿಸ್ ಚೆಲಿಯೋಸ್ ಹೆಸರಲ್ಲಿದ್ದ 64 ಪಾಯಿಂಟುಗಳ ದಾಖಲೆ ಬಿದ್ದುಹೋಯಿತು. ಡಿಫೆನ್ಸ್‌ಮನ್‌ನ ತಪ್ಪು ನೇರ ಗೋಲಿಯ ಮುಂದೆ ಬಯಲಾಗುತ್ತದೆ, ಅವನಿಗೆ ಎಎಚ್‌ಎಲ್‌ನ ಒಂದೆರಡು ವರ್ಷ ವ್ಯರ್ಥವಲ್ಲ. ಫಾರ್ವರ್ಡ್‌ಗೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಅರ್ಧ ಶಾಲೆ. ಒಬ್ಬರ ದಾರಿಯನ್ನು ಇನ್ನೊಬ್ಬರಿಗೆ ನಿಯಮ ಮಾಡಲಾಗದು.

ಈಗ ನೋವಿನ ಪಟ್ಟಿ. ರಯನ್ ಮೆಕ್‌ಡೊನಾ 2007ರ 12ನೆಯ ಆಯ್ಕೆ. ಮಾಂಟ್ರಿಯಲ್ ಪರ ಒಂದು ಪಂದ್ಯ ಆಡುವ ಮೊದಲೇ, 2009ರಲ್ಲಿ, ಸ್ಕಾಟ್ ಗೋಮೆಜ್‌ಗಾಗಿ ನ್ಯೂಯಾರ್ಕ್ ರೇಂಜರ್ಸ್‌ಗೆ ಹೋದ, ಅಲ್ಲಿ ಕ್ಯಾಪ್ಟನ್ ಆದ. ಮಿಖಾಯಿಲ್ ಸೆರ್ಗಚೋವ್ 2016ರ 9ನೆಯ ಆಯ್ಕೆ. ಮರುವರ್ಷವೇ ಜೊನಾಥನ್ ಡ್ರುವಾಂಗಾಗಿ ಟ್ಯಾಂಪಾಕ್ಕೆ ಕೊಟ್ಟರು. 2021ರಲ್ಲಿ ಮಾಂಟ್ರಿಯಲ್ ಎನ್‌ಎಚ್‌ಎಲ್‌ನ ಕಿರೀಟವಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ತಲುಪಿತು, ಟ್ಯಾಂಪಾ ಎದುರು 4-1ರಿಂದ ಸೋತಿತು. ಎದುರಾಳಿಯ ಡಿಫೆನ್ಸ್‌ನಲ್ಲಿ ಈ ಇಬ್ಬರೂ ಇದ್ದರು. ತಂಡ ಕೊನೆಯ ಬಾರಿ ಕಪ್ ಗೆದ್ದದ್ದು 1993ರಲ್ಲಿ. ‘ಸ್ಲಾಫ್‌ನನ್ನು ಮಾರಬೇಕು’ ಎಂದು ಯಾರಾದರೂ ಅಂದಾಗ ಊಟದ ಮೇಜು ಯಾಕೆ ಕಾವೇರುತ್ತದೆ ಎಂಬುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ.

ಸೂಬನ್ ಮಾತು ಬಂದಾಗ ನಮ್ಮವರು ಎಚ್ಚರ ವಹಿಸಬೇಕು. ಹೆಸರು ಕೇಳಿ ದಕ್ಷಿಣ ಭಾರತದವನೆಂದು ತಿಳಿಯಬೇಡಿ. ಅಪ್ಪ ಜಮೈಕಾದಿಂದ, ಅಮ್ಮ ಮಾಂಟ್‌ಸೆರಾಟ್‌ನಿಂದ ಕೆನಡಾಕ್ಕೆ ಬಂದವರು. 2015ರಲ್ಲಿ ಇಲ್ಲಿನ ಮಕ್ಕಳ ಆಸ್ಪತ್ರೆಗೆ ಒಂದು ಕೋಟಿ ಡಾಲರ್ ಸಂಗ್ರಹಿಸಿಕೊಡುವ ಮಾತುಕೊಟ್ಟವನು. 2016ರ ಜೂನ್ 29ರಂದು ನ್ಯಾಶ್‌ವಿಲ್‌ಗೆ ಕೊಟ್ಟು ಶೇ ವೆಬರ್‌ನನ್ನು ತಂದರು. ಆಗ ಸೂಬನ್‌ಗೆ 27, ವೆಬರ್‌ಗೆ 30. ಸೂಬನ್ ಮೊದಲ ವರ್ಷವೇ ನ್ಯಾಶ್‌ವಿಲ್ ಜೊತೆ ಫೈನಲ್ ಆಡಿದ. ವೆಬರ್ ಇಲ್ಲಿ ಕ್ಯಾಪ್ಟನ್ ಆಗಿ 2021ರ ಫೈನಲ್‌ಗೆ ತಂಡವನ್ನು ಒಯ್ದ, ಗಾಯಗಳಿಂದಾಗಿ ಮುಂದೆ ಒಂದು ಪಂದ್ಯವನ್ನೂ ಆಡಲಿಲ್ಲ. ಯಾರು ಗೆದ್ದರು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ. ಆದರೆ ಸೂಬನ್‌ನ ‘ನಡವಳಿಕೆ’ಯನ್ನು ದೂರುವ ಮಾತಿನಲ್ಲಿ ಅವನ ಬಣ್ಣವೂ ಕೆಲಸ ಮಾಡಿತ್ತೆಂದು ನಂಬುವವರು ಇಲ್ಲಿ ಅನೇಕರಿದ್ದಾರೆ. ಆ ಮಾತನ್ನು ಅರ್ಧಂಬರ್ಧ ಕೇಳಿ ದನಿಗೂಡಿಸಬೇಡಿ.

ಸಂಖ್ಯೆಗಳಲ್ಲಿ ಹೊಸಬರು ಮುಗ್ಗರಿಸುವ ಜಾಗ ಎರಡು. ಒಂದು, ಪ್ಲಸ್-ಮೈನಸ್. ಪವರ್ ಪ್ಲೇ (ಎದುರಾಳಿಯ ಆಟಗಾರನಿಗೆ ಶಿಕ್ಷೆಯಾಗಿ ಒಂದು ತಂಡಕ್ಕೆ ಹೆಚ್ಚು ಜನ ಸಿಗುವ ಹೊತ್ತು) ಗೋಲುಗಳನ್ನು ಬಿಟ್ಟು, ನೀವು ಐಸ್ ಮೇಲಿದ್ದಾಗ ನಿಮ್ಮ ತಂಡ ಹೊಡೆದರೆ ಒಂದು ಕೂಡುತ್ತದೆ, ತಿಂದರೆ ಒಂದು ಕಳೆಯುತ್ತದೆ. 1976-77ರಲ್ಲಿ ರಾಬಿನ್ಸನ್‌ನದು ಪ್ಲಸ್ 120. ಆ ಋತುವಿನ 80 ಪಂದ್ಯಗಳಲ್ಲಿ ತಂಡ ಸೋತದ್ದು 8 ಮಾತ್ರ. ಸೋಲುವ ತಂಡದ ಹುಡುಗನ ಮೈನಸ್ ಅನ್ನು ಇದರ ಪಕ್ಕ ಇಟ್ಟರೆ ಅಳೆದಂತಾಗುವುದು ತಂಡವನ್ನು, ಹುಡುಗನನ್ನಲ್ಲ.

ಎರಡು, ಸಂಬಳ. ಡಾಲರ್ ಹೋಲಿಸಬೇಡಿ, ಸ್ಯಾಲರಿ ಕ್ಯಾಪಿನ (ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿಯ) ಶೇಕಡಾವಾರು ಹೋಲಿಸಿ. ಸೂಬನ್ 2014ರಲ್ಲಿ ವರ್ಷಕ್ಕೆ 90 ಲಕ್ಷಕ್ಕೆ ಸಹಿ ಹಾಕಿದಾಗ ಕ್ಯಾಪ್ 6.9 ಕೋಟಿ, ಅಂದರೆ ಶೇ. 13. ಸ್ಲಾಫ್ಕೋವ್ಸ್ಕಿಯ ಎಂಟು ವರ್ಷದ ಒಪ್ಪಂದ ವರ್ಷಕ್ಕೆ 76 ಲಕ್ಷ. ಅದು ಜಾರಿಗೆ ಬಂದ 2025-26ರ ಕ್ಯಾಪ್ 9.55 ಕೋಟಿ, ಅಂದರೆ ಶೇ. 8. ಕ್ಯಾಪ್ ಏರಿದಂತೆ ಅವನ ಪಾಲು ಇನ್ನೂ ಇಳಿಯುತ್ತದೆ. ಸಹಿ ಹಾಕಿದಾಗ 50 ಪಾಯಿಂಟಿನವನಾಗಿದ್ದವನಿಗೆ ಇಷ್ಟೇಕೆ ಎಂದು ಕೇಳುವವರಿಗೆ ಈ ಲೆಕ್ಕ ಕೊಡಿ.

ಪಂದ್ಯ ನೋಡುವಾಗ ಪಕ್ ಹಿಂದೆಯೇ ಕಣ್ಣು ಓಡಿಸದೆ ಒಂದೆರಡು ಶಿಫ್ಟ್ 20ನೆಯ ನಂಬರಿನ ಮೇಲಿಡಿ. ಎದುರಾಳಿಯ ಮೂಲೆಯಲ್ಲಿ ಪಕ್ ಸಿಕ್ಕಾಗ ಡಿಫೆನ್ಸ್‌ಮನ್‌ಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಸೊಂಟ ಹಿಂದಕ್ಕೆ ಒತ್ತಿ, ಕೈ ಚಾಚಿ ಪಕ್ಕನ್ನು ದೂರ ಹಿಡಿಯುತ್ತಾನಾ? ಆ ಎರಡು ಸೆಕೆಂಡಿನಲ್ಲಿ ಲೈನಿನ ಜೊತೆಗಾರ ಖಾಲಿ ಜಾಗಕ್ಕೆ ಜಾರುತ್ತಾನೆ. ಪವರ್ ಪ್ಲೇಯಲ್ಲಿ ಗೋಲಿಯ ಕಣ್ಣಿಗೆ ಅಡ್ಡ ನಿಲ್ಲುತ್ತಾನಾ, ಬದಿಗೆ ಸರಿದುಬಿಡುತ್ತಾನಾ? ಒಳ್ಳೆಯ ದಿನ, ಕೆಟ್ಟ ದಿನದ ವ್ಯತ್ಯಾಸ ಸ್ಕೋರಿಗಿಂತ ಮೊದಲು ಇಲ್ಲಿ ಕಾಣುತ್ತದೆ. ಮೈಭಾರ ಬಳಸದೆ ಅಂಚಿನಲ್ಲಿ ತೇಲುತ್ತಿದ್ದರೆ ಆ ದಿನ ಅವನಿಂದ ಹೆಚ್ಚು ನಿರೀಕ್ಷೆ ಬೇಡ.

ಬೆಲ್ ಸೆಂಟರ್‌ನ ಟಿಕೆಟ್ ದುಬಾರಿ. ಮೊದಲು ಲವಾಲ್‌ನ ಪ್ಲಾಸ್ ಬೆಲ್‌ಗೆ ಹೋಗಿ: ಮೆಟ್ರೋ ಆರೆಂಜ್ ಲೈನಿನ ಕೊನೆಯ ನಿಲ್ದಾಣ ಮೊಂಮೊರಾನ್ಸಿಯಲ್ಲಿ ಇಳಿದರೆ ನಡೆದೇ ಹೋಗಬಹುದು. ಟಿಕೆಟ್ ಅಲ್ಲಿ ಬಹಳ ಅಗ್ಗ, ರಿಂಕ್ ಹತ್ತಿರ. ಒಳಗೆ ಚಳಿ ಇರುತ್ತದೆ, ಮಕ್ಕಳಿಗೆ ಸ್ವೆಟರ್ ಹಾಕಿಸಿ. ಕೆಳಗಿನ ಸಾಲಿಗಿಂತ ಮೂಲೆಯ ಎತ್ತರದ ಸೀಟು ತೆಗೆದುಕೊಳ್ಳಿ. ಡಿಫೆನ್ಸ್ ಜೋಡಿ ಹೇಗೆ ಜಾಗ ಬದಲಿಸಿಕೊಳ್ಳುತ್ತದೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.